ಐದನೆಯ ಕುಣಿಕೆ

ಬೆಳಿಗ್ಗೆ ಮುಖ ತೊಳೆದು ಬಂದವಳೇ ಕಡ್ಡಿಯಕ್ಕ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ಒಂದೇ ಒಂದು ಸಾಲು ಹೆಣೆಯುತ್ತಾಳೆ. ತುಟಿ ಅಲುಗುತ್ತಿರುತ್ತದೆ, ಏನು ಹೇಳಿಕೊಳ್ಳುತ್ತಾಳೋ ಅವಳಿಗೂ ದೇವರಿಗೂ ಗೊತ್ತು. ಜ್ವರ ಬಂದ ದಿನವೂ ತಪ್ಪಿಸಿಲ್ಲ, ಗಂಡ ತೀರಿಕೊಂಡ ಮರುದಿನವೂ ತಪ್ಪಿಸಿಲ್ಲ. ಅಂಗೈ ಅಗಲದ ಆ ಪಟ್ಟಿ ಯಾರ ಮೈಗೂ ಸೇರಿದ್ದಲ್ಲ. ವರ್ಷಗಳಿಂದ ಬೆಳೆದೂ ಬೆಳೆದೂ ಈಗ ಸುರುಳಿ ಸುತ್ತಿಟ್ಟರೆ ದಿಂಬಿನಷ್ಟಾಗಿದೆ.

"ಇದು ಯಾರಿಗಕ್ಕ?" ಎಂದು ಓರಗಿತ್ತಿ ಆ ಮನೆಗೆ ಹೊಸದಾಗಿ ಬಂದಾಗ ಕೇಳಿದ್ದಳು.

"ಯಾರಿಗೂ ಅಲ್ಲ ಕಣೇ. ಅದಕ್ಕೇ ಇದರಲ್ಲಿ ಒಂದು ಕುಣಿಕೆನೂ ತಪ್ಪಿಲ್ಲ."

ಕೇಳಿದವಳು ಅಕ್ಕನ ಮೈದುನನ ಹೆಂಡತಿ. ಬೀದಿಯ ಮಕ್ಕಳು ಚಿಕ್ಕಿ, ಚಿಕ್ಕಿ ಎಂದು ಕರೆದು ದೊಡ್ಡವರ ಬಾಯಲ್ಲೂ ಅದೇ ಹೆಸರು ನಿಂತಿತ್ತು. ಮದುವೆಗೆ ಮುಂಚೆ ಅವಳು ಬಟ್ಟೆ ಅಂಗಡಿಯೊಂದರಲ್ಲಿ ಗುಂಡಿ, ಹುಕ್ಕು ಎಣಿಸಿ ಪೊಟ್ಟಣ ಕಟ್ಟುತ್ತಿದ್ದಳು. ಎಣಿಕೆ ಸರಿಯಿದ್ದರೆ ಲೋಕವೇ ಸರಿ ಎಂಬ ನಂಬಿಕೆ ಅಲ್ಲಿಂದಲೇ ಬಂದದ್ದು. ಅಕ್ಕನ ಹತ್ತಿರ ಹೆಣಿಗೆ ಕಲಿತು ನಾಲ್ಕು ವರ್ಷವಾಗಿತ್ತು.

ಕಡ್ಡಿಯಕ್ಕ ಎಂಬ ಹೆಸರು ಕೈಯಲ್ಲಿರುವ ಕಡ್ಡಿಯಿಂದ ಬಂತೋ ಮೈಕಟ್ಟಿನಿಂದ ಬಂತೋ ಎಂದು ಯಾರಾದರೂ ತಮಾಷೆ ಮಾಡಿದರೆ, "ಮೈ ಮೊದಲು, ಕಡ್ಡಿ ಆಮೇಲೆ" ಎಂದು ಅವಳೇ ನಗುತ್ತಾಳೆ. ಹೆಣಿಗೆ ಕಲಿತದ್ದು ಆಸ್ಪತ್ರೆಯಲ್ಲಿ. ಅತ್ತೆಯನ್ನು ನೋಡಿಕೊಳ್ಳಲು ಮೂರು ತಿಂಗಳು ವಾರ್ಡಿನಲ್ಲಿದ್ದಾಗ, ಪಕ್ಕದ ಮಂಚದ ಹೆಂಗಸು ಹೊತ್ತು ಹೋಗದೆ ಕಲಿಸಿದಳು. ಕಲಿಸಿದವಳು ಗುಣವಾಗಿ ಮನೆಗೆ ಹೋದಳು. ಅತ್ತೆ ಮನೆಗೆ ಬರಲಿಲ್ಲ. ಕಡ್ಡಿ ಮಾತ್ರ ಕೈಯಲ್ಲಿ ಉಳಿಯಿತು.

ಮೊದಮೊದಲು ಎಲ್ಲರ ಹಾಗೆ ಉಣ್ಣೆಯ ಟೋಪಿ, ಕಾಲುಚೀಲ. ಚಳಿ ಮುಗಿದರೆ ಕೆಲಸವೂ ಮುಗಿಯುತ್ತಿತ್ತು. ಒಂದು ವರ್ಷ ಸೆಕೆಗೆ ಬೆವರುಸಾಲೆ ಎದ್ದು ಅಳುತ್ತಿದ್ದ ಪಕ್ಕದ ಮನೆಯ ಕೂಸಿಗೆ ತೆಳ್ಳನೆ ಹತ್ತಿ ನೂಲಿನಲ್ಲಿ, ಬಲೆಯ ಹಾಗೆ ಸಡಿಲವಾಗಿ, ತೋಳಿಲ್ಲದ ಅಂಗಿ ಹೆಣೆದುಕೊಟ್ಟಳು. ಕೂಸು ನಿದ್ದೆ ಹೋಯಿತು. ಕೂಸಿನ ತಾಯಿ ತನಗೂ ಒಂದು ಬೇಕೆಂದಳು. ಅಲ್ಲಿಂದ ಶುರು.

ಎದುರು ಸಾಲಿನ ದರ್ಜಿ ಬಿದ್ದು ಬಿದ್ದು ನಕ್ಕಿದ್ದ. "ಬೇಸಿಗೆಗೆ ಸ್ವೆಟರಾ? ಹಾಗಾದ್ರೆ ಚಳಿಗಾಲಕ್ಕೆ ಬೀಸಣಿಗೆನೂ ಹೆಣೀತೀಯೇನಕ್ಕ?" ಮುಂದಿನ ಬೇಸಿಗೆಯಲ್ಲಿ ತನ್ನ ಹೆಂಡತಿಯ ಅಳತೆ ಹಿಡಿದುಕೊಂಡು ಬಂದವನೂ ಅವನೇ. ಹೆಣೆದುಕೊಟ್ಟ ಟಾಪನ್ನು ಅಂಗೈಯಲ್ಲಿ ಮುದ್ದೆ ಮಾಡಿ ಹಿಡಿದು, ಮುಷ್ಟಿಯೊಳಗೆ ಪೂರ್ತಿ ಅಡಗಿಹೋದದ್ದನ್ನು ಕಂಡು, ಇನ್ನೊಂದು ಸಲ ಬಿಡಿಸಿ ನೋಡಿ ಒಯ್ದಿದ್ದ.

ಅಕ್ಕನ ಕೆಲಸಕ್ಕೆ ಒಂದು ಕ್ರಮವಿತ್ತು. ಹೊಸ ನೂಲು ಬಂದರೆ ಮೊದಲು ಅಂಗೈಯಗಲದ ತುಂಡು ಹೆಣೆದು, ಒಗೆದು, ಒಣಗಿಸಿ, ಅದಕ್ಕೊಂದು ಚಮಚ ಕಟ್ಟಿ ಕಿಟಕಿಯ ಸರಳಿಗೆ ಇಡೀ ದಿನ ನೇತುಹಾಕುವಳು. "ಹತ್ತಿ ಮಾತು ಬದಲಾಯಿಸತ್ತೆ ಕಣೇ. ಮಲಗಿಸಿ ಅಳೆದ್ರೆ ಒಂದು ಹೇಳತ್ತೆ, ನೇತುಹಾಕಿ ಅಳೆದ್ರೆ ಇನ್ನೊಂದು. ಹಾಕ್ಕೊಳ್ಳೋರು ಮಲಗಿರಲ್ಲ, ಓಡಾಡ್ತಾರೆ. ಎಣಿಸ್ಕೊಂಡು ಕೂರಬೇಡ, ಅಳೆ." ಚಿಕ್ಕಿ ತಲೆಯಾಡಿಸುತ್ತಿದ್ದಳು. ಮನಸ್ಸಿನಲ್ಲಿ ಎಣಿಸುತ್ತಲೇ ಇರುತ್ತಿದ್ದಳು.

ಆ ವರ್ಷ ಸೆಕೆ ಶುರುವಾದ ಹೊಸದರಲ್ಲಿ ಅಂಚೆ ಕಚೇರಿಯ ಹುಡುಗಿ ತಾಯಿಯ ಜೊತೆ ಬಂದಳು. ಎಂಟು ತಿಂಗಳ ಹಿಂದೆ ಕುದಿಯುವ ನೀರಿನ ಹಂಡೆ ಮಗುಚಿ ಅವಳ ಬೆನ್ನು, ಎಡಭುಜ ಬೆಂದಿತ್ತು. ಗಾಯ ಮಾಗಿತ್ತು. ಆದರೆ ಹೊಸ ಚರ್ಮ ಹೊಲಿಗೆಯ ಗೆರೆಯನ್ನು ಸಹಿಸುತ್ತಿರಲಿಲ್ಲ. ಬೆವರಿಗೆ ಬಟ್ಟೆ ಅಂಟಿದರೆ ಬೆಂಕಿ ಇಟ್ಟಂತಾಗುತ್ತಿತ್ತು. ಮನೆಯಲ್ಲಿ ಹಳೆಯ ಪಂಚೆ ಹೊದ್ದು ಕೂರುತ್ತಿದ್ದಳು. ರಜೆಯನ್ನು ಎರಡು ಸಲ ವಿಸ್ತರಿಸಿಯಾಗಿತ್ತು. ಹದಿನೈದು ದಿನ ಬಿಟ್ಟು ಬರುವ ಸೋಮವಾರ ಕೌಂಟರಿನಲ್ಲಿ ಕೂರದಿದ್ದರೆ ಆ ಕುರ್ಚಿ ಬೇರೆಯವರಿಗೆ.

"ಹೊಲಿಗೆನೇ ಇಲ್ಲದ ಬಟ್ಟೆ ಇರತ್ತಾ ಅಕ್ಕ?" ಎಂದು ಹುಡುಗಿ ಕೇಳಿದಳು. ದೇವರ ಮುಂದೆ ನಿಂತು ಏನನ್ನೋ ಕೇಳಲು ಸಂಕೋಚಪಡುವವರ ದನಿ ಅದು.

"ಇರತ್ತಮ್ಮ. ಕತ್ತಿಂದ ಶುರು ಮಾಡಿ ಸುತ್ತ ಸುತ್ತ ಹೆಣೆದು ಇಳಿದ್ರೆ ಆಯ್ತು. ಎಲ್ಲೂ ಕೂಡಿಸೋದೇ ಇರಲ್ಲ."

ಅಕ್ಕ ಕತ್ತು, ಭುಜ ಮುಗಿಸಿದಳು. ಎದೆಯ ಸುತ್ತಳತೆಗೆ ಬಂದಾಗ ನಾಲ್ಕು ಕುಣಿಕೆಗೊಂದು ಹೊಸ ಕುಣಿಕೆ ಹುಟ್ಟಿಸಿ ಕೊನೆಯ ಸಲ ಅಗಲ ಮಾಡಿದಳು. ಅಷ್ಟರಲ್ಲಿ ಅವಳ ಬಲಗೈ ಹೆಬ್ಬೆರಳಿನ ಗಂಟು ಊದಿ ಕಡ್ಡಿ ಹಿಡಿಯಲಾಗಲಿಲ್ಲ. ಉಳಿದದ್ದು ಸುಮ್ಮನೆ ಸುತ್ತುತ್ತಾ ಕೆಳಗಿಳಿಯುವ ಕೆಲಸ. ಚಿಕ್ಕಿಯ ಕೈಗೆ ಬಂತು.

ಚಿಕ್ಕಿ ಒಂಬತ್ತು ದಿನ ಮೈಮರೆತು ಹೆಣೆದಳು. ಒಂದೊಂದು ಸುತ್ತಿಗೂ ನೂರ ಎಂಬತ್ತು ಕುಣಿಕೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಪ್ರತಿ ಸುತ್ತಿಗೂ ಎಣಿಸಿದಳು. ಆ ಹುಡುಗಿಯ ಬೆನ್ನನ್ನು ನೆನೆದರೆ ಅವಳಿಗೆ ಎಲ್ಲಿ ತಪ್ಪಾಗುವುದೋ ಎಂಬ ಭಯ. ಭಯಕ್ಕೆ ದಾರವನ್ನು ಬೆರಳಿಗೆ ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು. ಎಣಿಕೆ ಸರಿಯಿತ್ತು. ಅಳೆದು ನೋಡಲಿಲ್ಲ.

ಶನಿವಾರ ಮಧ್ಯಾಹ್ನ ತಾಯಿ ಮಗಳು ಬಂದರು. ಹುಡುಗಿ ಒಳಗಿನ ಕೋಣೆಗೆ ಹೋಗಿ ಹಾಕಿಕೊಂಡು ಬಂದಳು. ಭುಜದ ಮೇಲೆ ಅದು ಬೆಳದಿಂಗಳಿನ ಹಾಗೆ ಕೂತಿತ್ತು. ಕಂಕುಳಿನಿಂದ ಕೆಳಗೆ ಮಾತ್ರ ಗಾಯಕ್ಕೆ ಸುತ್ತಿದ ಪಟ್ಟಿಯಂತೆ ಬಿಗಿದುಕೊಂಡಿತ್ತು. ಒಂದೇ ನೂಲು, ಒಂದೇ ಎಣಿಕೆ. ಆದರೆ ಎರಡು ಕೈ.

"ಚೆನ್ನಾಗಿದೆ," ಎಂದಳು ಹುಡುಗಿ. ಉಸಿರನ್ನು ಅರ್ಧಕ್ಕೇ ನಿಲ್ಲಿಸಿದ್ದಳು. ಆಮೇಲೆ ತಾಯಿಯ ಕಡೆ ತಿರುಗಿ, "ಅಮ್ಮ, ಬಿಡು. ಸೋಮವಾರ ಆಗಲ್ಲ," ಎಂದಳು.

ಚಿಕ್ಕಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. "ಅಕ್ಕ, ನಾನು ಎಣಿಸಿದ್ದೆ. ಆಣೆ ಮಾಡ್ತೀನಿ, ಎಣಿಸಿದ್ದೆ..."

"ಎಣಿಸಿರ್ತೀಯ, ಗೊತ್ತು. ನೀನು ಪಕ್ಕದ ಮನೆಯವರಿಗೆ ಉಪ್ಪು ಕೊಟ್ರೂ ಹರಳು ಎಣಿಸಿ ಕೊಡೋಳು," ಎಂದಳು ಅಕ್ಕ. ಬೈಗುಳದ ಬಿಸಿ ಅದರಲ್ಲಿರಲಿಲ್ಲ. ಹುಡುಗಿಯ ಹತ್ತಿರ ಹೋಗಿ, ಕಣ್ಣು ಮುಚ್ಚಿ, ಹೆಣಿಗೆಯ ಮೇಲೆ ಬೆರಳಾಡಿಸಿದಳು. ಕಂಕುಳಿನ ಕೆಳಗೆ ಬಂದು ಬೆರಳು ನಿಂತಿತು. "ತೆಗೆದು ಕೊಡು ಮಗು. ನೀರು ಕುಡಿದು ಇಲ್ಲೇ ಕೂತ್ಕೋ. ಎಲ್ಲೂ ಹೋಗಬೇಡ."

ಬಿಚ್ಚಿ ಮತ್ತೆ ಹೆಣೆಯಲು ಒಂಬತ್ತು ದಿನ ಬೇಕು. ಇದ್ದದ್ದು ಒಂದೂವರೆ ದಿನ. ಅಕ್ಕ ಟಾಪನ್ನು ತೊಡೆಯ ಮೇಲೆ ಹರಡಿ, ಕೆಳ ಅಂಚು ಮುಗಿಸಿದ್ದನ್ನು ಬಿಚ್ಚಿ, ಕುಣಿಕೆಗಳನ್ನೆಲ್ಲ ಚಿಕ್ಕಿಯ ಕೈಯಲ್ಲೇ ಕಡ್ಡಿಗೆ ಏರಿಸಿಕೊಂಡಳು. ಒಂದು, ಎರಡು, ಮೂರು, ನಾಲ್ಕು ಕುಣಿಕೆ ದಾಟಿದಳು. ಐದನೆಯದನ್ನು ಕಡ್ಡಿಯಿಂದ ಜಾರಿಸಿ ಬಿಟ್ಟುಬಿಟ್ಟಳು.

"ಅಕ್ಕಾ!" ಚಿಕ್ಕಿ ಕಿರುಚಿದಳು.

ಹೆಣೆಯುವವರಿಗೆ ಕುಣಿಕೆ ಜಾರುವುದಕ್ಕಿಂತ ದೊಡ್ಡ ಗಂಡಾಂತರವಿಲ್ಲ. ಕನಸಿನಲ್ಲಿ ಜಾರಿದರೂ ಬೆಚ್ಚಿ ಏಳುತ್ತಾರೆ. ಅಕ್ಕ ಅದನ್ನು ಬೇಕೆಂದೇ ಬಿಟ್ಟು, ಎರಡೂ ಕೈಯಲ್ಲಿ ಬಟ್ಟೆಯನ್ನು ಮೆಲ್ಲಗೆ ಅತ್ತಿತ್ತ ಎಳೆದಳು. ಕುಣಿಕೆ ಒಂದು ಸಾಲು ಬಿಚ್ಚಿತು. ಇನ್ನೊಂದು. ಬಿಚ್ಚಿದ ಕಡೆಯೆಲ್ಲ ಅಡ್ಡಕ್ಕೆ ಒಂದೊಂದು ಎಳೆ ಮಾತ್ರ ಉಳಿದು, ಇರುವೆ ಹತ್ತುವಂಥ ಪುಟ್ಟ ಏಣಿಯೊಂದು ಅಂಚಿನಿಂದ ಮೇಲಕ್ಕೆ ಬೆಳೆಯತೊಡಗಿತು. ಸೊಂಟ ದಾಟಿತು, ಹೊಟ್ಟೆ ದಾಟಿತು, ಪಕ್ಕೆ ದಾಟಿತು. ಭುಜದವರೆಗೂ ಹರಿದುಹೋಗುತ್ತದೆ, ಅಕ್ಕನ ಕೆಲಸವೂ ಮಣ್ಣುಪಾಲಾಗುತ್ತದೆ ಎಂದು ಚಿಕ್ಕಿ ಸೆರಗಿನ ತುದಿ ಕಚ್ಚಿಕೊಂಡಳು.

ಎದೆಯ ಸುತ್ತಳತೆಗೆ ಬಂದು ಏಣಿ ನಿಂತಿತು. ಅಕ್ಕ ಎಳೆದಳು. ಅಲುಗಲಿಲ್ಲ.

"ಇನ್ನು ಹೋಗಲ್ಲ," ಎಂದಳು. "ಎಲ್ಲಿ ಹುಟ್ಟಿತೋ ಅಲ್ಲೇ ನಿಲ್ಲತ್ತೆ. ನಾಲ್ಕಕ್ಕೊಂದು ಹುಟ್ಟಿಸಿದ್ದೆನಲ್ಲ, ಇದು ಅದರಲ್ಲೊಂದು. ಅದಕ್ಕಿಂತ ಮೇಲೆ ಇದು ಇರಲೇ ಇಲ್ಲ. ಇಲ್ಲದ್ದು ಬಿಚ್ಚೋದು ಹ್ಯಾಗೆ?"

ಚಿಕ್ಕಿ ಬಗ್ಗಿ ನೋಡಿದಳು. ಏಣಿಯ ತುದಿಯಲ್ಲಿ, ಅಕ್ಕ ಹತ್ತು ದಿನದ ಕೆಳಗೆ ಹುಟ್ಟಿಸಿದ ಪುಟ್ಟ ತಿರುಚು ಹಾಗೇ ಇತ್ತು. ನಾಲ್ಕು ವರ್ಷ ಸಾವಿರಾರು ಕುಣಿಕೆ ಹಾಕಿದ್ದಳು. ಒಂದೊಂದಕ್ಕೂ ಒಂದು ಹುಟ್ಟಿದ ಜಾಗವಿದೆ, ಬಿದ್ದರೂ ಅಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಏನೋ ದೊಡ್ಡದರ ಹೊಸ್ತಿಲಲ್ಲಿ ನಿಂತವಳಂತೆ ದನಿ ತಗ್ಗಿಸಿ, "ಎಷ್ಟು ಬಿಡ್ಬೇಕಕ್ಕ?" ಎಂದಳು.

"ಐದಕ್ಕೊಂದು. ಲೆಕ್ಕದಲ್ಲಿ ನೀನೇ ಜಾಣೆ, ಹೇಳು."

"ಮೂವತ್ತಾರು."

"ಉಳಿದ ಮೂವತ್ತೈದು ನೀನು ಬಿಡು. ನನ್ನ ಬೆರಳು ನೋಯ್ತಿದೆ."

ಚಿಕ್ಕಿ ಮೊದಲನೆಯದನ್ನು ಬಿಡುವಾಗ ಕಣ್ಣು ಮುಚ್ಚಿದಳು. ಐದಾರು ಆಗುವಷ್ಟರಲ್ಲಿ ತೆರೆದಳು. ಪ್ರತಿ ಏಣಿಯೂ ಓಡಿ ಹೋಗಿ ಅದೇ ಸುತ್ತಿನಲ್ಲಿ, ಯಾರೋ ಕರೆದು ನಿಲ್ಲಿಸಿದ ಹಾಗೆ, ನಿಂತಿತು. ಒಂದೂ ತಪ್ಪಲಿಲ್ಲ. ಕುಣಿಕೆಯಲ್ಲಿ ಸಿಕ್ಕಿದ್ದ ನೂಲು ಅಡ್ಡಕ್ಕೆ ಹರಡಿ ಬಟ್ಟೆ ಅಗಲವಾಗುತ್ತಾ ಬಂತು. ಬಿಗಿದ ಮುಷ್ಟಿ ಬೆರಳು ಬೆರಳಾಗಿ ಬಿಚ್ಚಿದಂತೆ. ಹುಡುಗಿ ನೀರಿನ ಲೋಟ ಕೈಯಲ್ಲೇ ಹಿಡಿದು, ಕುಡಿಯುವುದನ್ನು ಮರೆತು ನೋಡುತ್ತಿದ್ದಳು.

ತಾಯಿಗೆ ಅನುಮಾನ. "ಇಷ್ಟು ತೂತಾದ್ರೆ ಒಳಗಿನ ಕಲೆ ಕಾಣಲ್ವಾ ಕಡ್ಡಿಯಕ್ಕ?"

"ಗಾಳಿ ನುಗ್ಗೋಷ್ಟು ಸಂದಿ ಇದೆ, ಕಣ್ಣು ನುಗ್ಗೋಷ್ಟಿಲ್ಲ. ಒಗೆದ ಮೇಲೆ ಎಳೆಗಳು ಸುಕ್ಕಾಗಿ ಒಂದಕ್ಕೊಂದು ಆತುಕೊಳ್ತವೆ," ಎಂದಳು ಅಕ್ಕ. ಬಿಟ್ಟ ಕುಣಿಕೆಗಳ ಜಾಗದಲ್ಲಿ ಕಡ್ಡಿಗೆ ಒಂದೊಂದು ಸುತ್ತು ದಾರ ಹಾಕಿಸಿ, ಅಂಚನ್ನು ಸಡಿಲವಾಗಿ ಮುಗಿಸುವುದನ್ನು ತೋರಿಸಿಕೊಟ್ಟಳು. ಒಗೆದು ಹರಡಿದರು. ಭಾನುವಾರ ಬೆಳಿಗ್ಗೆ ಒಣಗಿತ್ತು.

ಹುಡುಗಿ ಅದನ್ನು ಹಾಕಿಕೊಂಡು ಕೋಣೆಯಿಂದ ಬಂದು ಕಿಟಕಿಯ ಹತ್ತಿರ ನಿಂತಳು. ಹೊರಗಿನಿಂದ ಒಂದಿಷ್ಟು ಗಾಳಿ ಬಂತು. ಮೂವತ್ತಾರು ಏಣಿಗಳೂ ಉಸಿರಾಡಿದ ಹಾಗೆ ಒಮ್ಮೆ ಅಲುಗಿದವು. ಅವಳು ಎಡಗೈಯನ್ನು ಮೆಲ್ಲಗೆ ತಲೆಯ ಮೇಲಕ್ಕೆ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

"ಅಮ್ಮ," ಎಂದಳು, "ಬೆನ್ನಿಗೆ ಗಾಳಿ ತಾಗ್ತಿದೆ."

ತಾಯಿ ಬಾಯಿಗೆ ಸೆರಗು ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದಳು. ಚಿಕ್ಕಿ ಅಕ್ಕನ ಮುಖ ನೋಡಿದಳು. ಅಕ್ಕ ಊದಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು, ಬೇರೆ ಯಾರೋ ಮಾಡಿದ ಕೆಲಸವನ್ನು ನೋಡುವಂತೆ ಬೆರಗಾಗಿ ನೋಡುತ್ತಿದ್ದಳು.

ಎರಡು ವಾರ ಕಳೆದು ಅಕ್ಕ ಬೇರೂರಿನ ಗಿರಾಕಿಯೊಬ್ಬರಿಗೆ ಪಾರ್ಸೆಲ್ ಕಳಿಸಲು ಅಂಚೆ ಕಚೇರಿಗೆ ಹೋದಳು. ಚಿಕ್ಕಿಯೂ ಜೊತೆಗಿದ್ದಳು. ಸಾಲು ಬಾಗಿಲವರೆಗೂ ಬಂದಿತ್ತು. ಕೌಂಟರಿನಲ್ಲಿ ಅದೇ ಹುಡುಗಿ, ಮೈಮೇಲೆ ಅದೇ ಟಾಪು. ಪಾರ್ಸೆಲ್ ತೂಗಿ, ಮುದ್ರೆ ಒತ್ತಿ, ಹಿಂದಿನ ಗೋಡೆಯ ಎತ್ತರದ ಕಪಾಟಿನಲ್ಲಿಡಲು ತಿರುಗುವಳು, ಕೈ ಎತ್ತುವಳು, ಮತ್ತೆ ಈ ಕಡೆ ತಿರುಗುವಳು. ಅಕ್ಕನನ್ನು ಕಂಡವಳೇ ಎದ್ದು ಬಂದಳು.

"ಅಯ್ಯೋ ಅಕ್ಕ, ಈ ಸೆಕೇಲಿ ನೀವ್ಯಾಕೆ ಸಾಲಲ್ಲಿ ನಿಂತಿದ್ದೀರಾ? ಪಕ್ಕದ ಬಾಗಿಲಿಂದ ಒಳಗೆ ಬನ್ನಿ, ಫ್ಯಾನ್ ಕೆಳಗೆ ಕೂತ್ಕೊಳ್ಳಿ. ನಿಮ್ಮದು ಮೊದಲು ಮಾಡಿಕೊಡ್ತೀನಿ. ಇವತ್ತೊಂದೇ ದಿನ ಅಲ್ಲ, ಯಾವಾಗ ಬಂದ್ರೂ ಅಷ್ಟೇ."

"ಹೋಗೋಣ ಬಾಕ್ಕ, ಕಾಲು ನೋಯ್ತಿದೆ," ಎಂದು ಚಿಕ್ಕಿ ಆಗಲೇ ಒಂದು ಹೆಜ್ಜೆ ಇಟ್ಟಿದ್ದಳು.

ಅಕ್ಕ ಅವಳ ತೋಳು ಹಿಡಿದು ನಿಲ್ಲಿಸಿದಳು.

"ಬೇಡಮ್ಮ. ನನ್ನ ಮುಂದೆ ಇನ್ನೂ ಎಂಟು ಜನ ಇದ್ದಾರೆ. ನೀನು ಎಂಟು ಸಲ ಆ ಕಡೆ ತಿರುಗಿ ಕೈ ಎತ್ತೋದು ನೋಡ್ಬೇಕು ನನಗೆ. ಹೋಗು, ಕೆಲಸ ನೋಡು. ನಾನು ಇಲ್ಲೇ ನಿಲ್ತೀನಿ."