ನೂರಾ ನಾಲ್ಕು ಮೆಟ್ಟಿಲ ದೋಬ್ರಿಲಾ

ದೋಬ್ರಿಲಾಳನ್ನು ಬೈಯುವ ಹಕ್ಕು ಸಮುದ್ರ ದಂಡೆಯ ಈ ಸ್ಪ್ಲಿಟ್ ಊರಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ. ಇಪ್ಪತ್ತೆರಡು ಬೇಸಿಗೆ ಬಸ್ ನಿಲ್ದಾಣದ ಎದುರು, 'ಕೋಣೆ ಇದೆ' ಎಂದು ಬರೆದ ರಟ್ಟು ಹಿಡಿದು ಅವಳ ಪಕ್ಕದಲ್ಲೇ ನಿಂತಿದ್ದೇನೆ. ಹಡಗು ಕಟ್ಟುವ ಕಾರ್ಖಾನೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ತಿರುವಿದ ಹೆಂಗಸು ಅವಳು. ಅಲ್ಲಿಂದ ತಂದದ್ದು ಒಂದು ದೊಡ್ಡ ಗಂಟಲು.

ಅವಳ ಮನೆ ಗುಡ್ಡದ ತುದಿಗೆ, ನೂರಾ ನಾಲ್ಕು ಮೆಟ್ಟಿಲು. ಆದರೆ ಬಂದವರು ಎಷ್ಟು ದೂರ ಎಂದು ಕೇಳಿದರೆ "ಐದೇ ನಿಮಿಷ" ಅನ್ನುತ್ತಿದ್ದಳು. ಏದುಸಿರು ಬಿಡುತ್ತಾ ಮೇಲೆ ಹತ್ತಿದವರ ಮುಂದೆ ಹುರಿದ ಮೀನಿನ ತಟ್ಟೆ ಇಟ್ಟುಬಿಟ್ಟರೆ ಅವರ ಸಿಟ್ಟು ಇಳಿಯುತ್ತಿತ್ತು. ನಾನಂತೂ ಆ ಸುಳ್ಳನ್ನು ಒಮ್ಮೆಯೂ ಕ್ಷಮಿಸಲಿಲ್ಲ.

ರಟ್ಟು ಹಿಡಿಯುವ ನಮಗೆ ಒಂದು ಕಟ್ಟುಪಾಡಿತ್ತು. ಬಸ್ಸಿಳಿದವರ ಕಣ್ಣು ಮೊದಲು ಯಾರ ಮೇಲೆ ಬೀಳುತ್ತದೋ ಅತಿಥಿ ಅವರ ಪಾಲು. ಉಳಿದವರು ಬಾಯಿ ಬಿಡುವ ಹಾಗಿಲ್ಲ. ಜನ ಫೋನಿನಲ್ಲೇ ಕೋಣೆ ಹಿಡಿಯಲು ಕಲಿತ ಮೇಲೆ ಉಳಿದವರು ನಾವಿಬ್ಬರೇ. ಕಳೆದ ಆಗಸ್ಟಿನಲ್ಲಿ ನನ್ನ ಕೋಣೆ ತುಂಬಿತ್ತು, ಸುಮ್ಮನೆ ಹರಟೆಯ ಚಟಕ್ಕೆ ನಿಂತಿದ್ದೆ. ಅವಳದು ಹತ್ತೊಂಬತ್ತು ದಿನದಿಂದ ಖಾಲಿ.

ಒಂದು ಮಧ್ಯಾಹ್ನ ಸ್ಲೊವಾಕಿಯಾದ ಮುದುಕ ಮುದುಕಿ ಬಸ್ಸಿಳಿದು ನಮ್ಮೆದುರೇ ಪೆಟ್ಟಿಗೆಯ ಮೇಲೆ ಕೂತಿದ್ದರು. ಗಂಡ ಲಾದಿಸ್ಲಾವ್, ಹೆಂಡತಿ ಮಿಲೋತಾ. ಆಕೆಯ ಕೈಯಲ್ಲಿ ಊರುಗೋಲು. ಫೋನಿನಲ್ಲಿ ಫೋಟೋ ನೋಡಿ ಹಿಡಿದ ಅಗ್ಗದ ಮನೆ ಊರಿಂದ ಹನ್ನೆರಡು ಕಿಲೋಮೀಟರ್ ಆಚೆ, ಬೆಟ್ಟದ ನೆತ್ತಿಯಲ್ಲಿತ್ತಂತೆ. ಊರೊಳಗಿನ ಹೋಟೆಲು ಅವರ ಪಿಂಚಣಿಗೆ ಎಟುಕುವಂಥದ್ದಲ್ಲ.

"ಸಂಜೆ ಬಸ್ಸಿಗೇ ವಾಪಸ್ ಹೋಗೋಣ," ಅಂದಳು ಮಿಲೋತಾ. "ಸಮುದ್ರ ಕಿಟಕಿಯಿಂದ ನೋಡಿದ್ವಲ್ಲ, ಸಾಕು."

"ನಿಂಗೆ ಎಪ್ಪತ್ತೊಂದು ವರ್ಷ ಆಯ್ತು, ಒಂದು ಸಲವಾದ್ರೂ ಸಮುದ್ರದಲ್ಲಿ ಕಾಲು ನೆನೆಸಿದ್ದೀಯಾ?" ಅಂದ ಗಂಡ. ತಲೆಯೆತ್ತಿದವನಿಗೆ ಕಂಡದ್ದು ದೋಬ್ರಿಲಾಳ ರಟ್ಟು. "ಅಮ್ಮಾ, ಎಷ್ಟು ದೂರ?"

"ಐದೇ..." ಎಂದವಳು ಊರುಗೋಲು ನೋಡಿ ತಡೆದಳು. "ಇಲ್ಲ ಕಣಪ್ಪಾ. ನೂರಾ ನಾಲ್ಕು ಮೆಟ್ಟಿಲು. ಈಕೆ ಕೈಲಾಗಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಅವಳು ನಿಜ ಹೇಳಿದ್ದು ಅದೇ ಮೊದಲು. ಲಾದಿಸ್ಲಾವ್ ಹೊರಡಲು ಪೆಟ್ಟಿಗೆ ಎತ್ತಿಕೊಂಡ. ಅಷ್ಟರಲ್ಲಿ ದೋಬ್ರಿಲಾ ಅದರ ಹಿಡಿ ಹಿಡಿದು ನನ್ನ ಕಡೆ ತಿರುಗಿದಳು.

"ಯೆಲ್ಕಾ, ನಿನ್ನ ಮನೆ ಮರಳ ದಂಡೆ ಪಕ್ಕದಲ್ಲೇ ಇದೆಯಲ್ಲೇ. ಮೆಟ್ಟಿಲೂ ಇಲ್ಲ."

"ಕೋಣೆ ತುಂಬಿದೆ ಮಾರಾಯ್ತಿ! ಅದೂ ಅಲ್ದೆ ಅವರು ನೋಡಿದ್ದು ನಿನ್ನನ್ನ."

"ಕಟ್ಟುಪಾಡು ಹಾಳಾಗಿ ಹೋಗ್ಲಿ. ನಿನ್ನ ಸ್ವಂತ ಮಂಚ ಇದೆಯಲ್ಲ?"

ಆಗಸ್ಟಿನಲ್ಲಿ ಇಲ್ಲಿ ತಮ್ಮ ಮಂಚವನ್ನೂ ಬಾಡಿಗೆಗೆ ಕೊಟ್ಟು ಅಡುಗೆಮನೆಯಲ್ಲಿ ಮಲಗದ ಮನೆಯಿಲ್ಲ. ನಾನು ಮಾತ್ರ ಆ ಅಭ್ಯಾಸ ಬಿಟ್ಟು ಎಷ್ಟೋ ವರ್ಷವಾಗಿತ್ತು.

"ನನ್ನ ಗಂಡ ಶಿಮೆಯ ಗೊರಕೆ ಕೇಳ್ಕೊಂಡು ನಾನು ಒಲೆ ಪಕ್ಕ ಬಿದ್ಕೋಬೇಕಾ?"

"ಅವನು ಬಿದ್ಕೊಳ್ಲಿ. ನೀನು ನನ್ನ ಮನೆಗೆ ಬಾ. ಕೋಣೆ ಹೇಗೂ ಖಾಲಿ."

ಬೈದುಕೊಂಡೇ ಒಪ್ಪಿ, ಆ ಇಬ್ಬರಿಗೂ ನನ್ನ ಮಂಚ ಬಿಟ್ಟುಕೊಟ್ಟೆ. ಅವತ್ತು ಆ ನೂರಾ ನಾಲ್ಕು ಮೆಟ್ಟಿಲನ್ನು ನಾನು ಹತ್ತಿದೆ. ಒಂದೊಂದು ಮೆಟ್ಟಿಲಿಗೂ ಅವಳ ವಂಶವನ್ನೆಲ್ಲ ಜಾಲಾಡಿದೆ. ದೋಬ್ರಿಲಾ ಮಾತ್ರ ಮೀನು ಹುರಿಯುತ್ತಾ, "ನಿಜ ಹೇಳಿದ್ರೆ ಇಷ್ಟು ಹಗುರ ಆಗುತ್ತೆ ಅಂತ ಗೊತ್ತಿರ್ಲಿಲ್ಲ ಕಣೇ," ಎಂದು ನಕ್ಕಳು.

ಮೂರನೆಯ ದಿನ ಸಂಜೆ ನಾವಿಬ್ಬರೂ ನಮ್ಮ ಮನೆ ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದೆವು. ಮರುದಿನ ಆ ದಂಪತಿ ಹೊರಡಬೇಕಿತ್ತು. ಲಾದಿಸ್ಲಾವ್ ಬಂದು ಹಿಂಜರಿಯುತ್ತಾ ಕೇಳಿದ, "ಇನ್ನೆರಡು ದಿನ ಇರಬಹುದಾ?"

"ಅದಕ್ಕೇನಂತೆ!" ಎಂದುಬಿಟ್ಟಳು ದೋಬ್ರಿಲಾ. ಮಂಚ ಯಾರದು, ಮಾತು ಕೊಡುವವಳು ಯಾರು! ಬೈಯಲು ಬಾಯಿ ತೆರೆದೆ. ಗಂಡನ ಹಿಂದೆ ಮಿಲೋತಾ ನಿಂತಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚಪ್ಪಲಿ, ಲಂಗ ಮಂಡಿಯವರೆಗೆ ಒದ್ದೆ.

"ಬೆಳಿಗ್ಗೆ ಹೊತ್ತು ನೀರು ಇನ್ನೂ ತಣ್ಣಗಿರುತ್ತಂತೆ, ಹೌದಾ?" ಎಂದು ನನ್ನನ್ನು ಕೇಳಿದಳು.

"ಎರಡೇ ದಿನ ಯಾಕೆ, ಭಾನುವಾರದವರೆಗೂ ಇರಿ," ಅಂದೆ.