ದೊಣೆ ಹಳ್ಳದ ಓಟ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಗೆಳೆಯನೂ ತುಮಕೂರಿನ ಶಿರಾ ಗೇಟ್ ಹತ್ತಿರ ಒಂದು ಬಾಡಿಗೆ ರೂಮಿನಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆವು. ಇಬ್ಬರಿಗೂ ಓಟದ ಹುಚ್ಚು. ಬೆಳಕು ಹರಿಯುವ ಹೊತ್ತಿಗೆ ಬೆಳ್ಳಾವಿ ಕಡೆಯ ರಸ್ತೆ ಹಿಡಿದು, ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲುಗಳು ಎದುರಾಗುವವರೆಗೂ ಓಡಿ ವಾಪಸ್ಸು ಬರುತ್ತಿದ್ದೆವು. ನನಗೆ ಕ್ಯಾನ್ವಾಸ್ ಶೂ, ಅವನದು ಬರಿಗಾಲು. ಎಷ್ಟು ದೂರ ಓಡಿದರೂ ಅವನ ಉಸಿರು ಏರುತ್ತಿರಲಿಲ್ಲ. ಹಾಗೆ ಉಸಿರಾಡುವುದನ್ನು ಅಣ್ಣ ಕಲಿಸಿದ್ದು ಎಂದು ಒಮ್ಮೆ ಹೇಳಿದ್ದ. ಆ ಅಣ್ಣ ತೀರಿಕೊಂಡಿದ್ದಾನೆ ಎನ್ನುವುದಷ್ಟೇ ನನಗೆ ಗೊತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳಲ್ಲಿ ಅವನು ಒಂದು ಸಂಜೆ ಕೇಳಿದ.

"ಲೋ, ದೊಣೆ ಹಳ್ಳ ಅಂತ ಐತೆ, ನಮ್ ಸೋದರತ್ತೆ ಊರ್ ಹತ್ರ. ಬೆಟ್ಟದ ಮಧ್ಯೆ ಕೊರಕಲು. ಈ ತುದಿಯಿಂದ ಆ ತುದಿಗೆ ಓಡ್ಬೇಕು ನಾನು. ಜೊತೆಗೆ ಬರ್ತೀಯಾ?"

"ಯಾಕೋ ಅಲ್ಲಿ?"

"ಬಾ, ಹೇಳ್ತೀನಿ."

ಕುಣಿಗಲ್ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ. ಅವನ ಅಣ್ಣ ಪೊಲೀಸ್ ಕೆಲಸಕ್ಕೆಂದು ಓಡಿ ಓಡಿ ತಯಾರಾಗಿದ್ದನಂತೆ. ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದರೂ ಎದೆಯಳತೆ ಸಾಲದೆಂದು ವಾಪಸ್ಸು ಕಳಿಸಿದ್ದರು. ಮನೆಗೆ ಬಂದವನು ಯಾರೊಂದಿಗೂ ಮಾತಾಡದೆ ಕೆಲವು ದಿನ ಇದ್ದು, ಸೋದರತ್ತೆಯ ಊರಿಗೆ ಹೋದ. ಮಾರನೆಯ ದಿನ ಓಡಲು ಹಳ್ಳದೊಳಗೆ ಇಳಿದ. ಹಿಂಗಾರಿನ ಕಾಲ. ಕೆಳಗೆ ಬಿಸಿಲಿತ್ತು, ಬೆಟ್ಟದ ಮೇಲೆಲ್ಲೋ ಜೋರು ಮಳೆ ಹೊಯ್ದು ನೀರು ಒಮ್ಮೆಗೇ ನುಗ್ಗಿ ಬಂತು. ಮೇಲಿನ ಬಂಡೆಯಲ್ಲಿ ಕುರಿ ಕಾಯುತ್ತಿದ್ದವರು ಅವನನ್ನು ನೋಡಿದ್ದರು. ಬಂಡೆಯಲ್ಲಿ ನೀರು ನಿಲ್ಲುವ ದೊಣೆಯ ಪಕ್ಕ ಕೂತಿದ್ದನಂತೆ.

"ಅವ್ರು ಬಂದು ನಮ್ಮವ್ವಂಗೆ ಹೇಳಿದ್ರು. ಕೂಗಿದ್ವಿ ಕಣವ್ವಾ, ನಿನ್ ಮಗ ಎದ್ದೇಳ್ಲಿಲ್ಲ ಅಂದ್ರು. ಅಷ್ಟೇ. ಅವತ್ತಿಂದ ಅವ್ವ ಅವನ ಹೆಸ್ರೇ ಎತ್ತಿಲ್ಲ."

ಕಿಟಕಿಯಿಂದ ತಿರುಗಿ ಅಂದ: "ಅವನು ಓಡಬಲ್ಲೋನು ಕಣೋ. ನೀರಿಗಿಂತ ಮುಂದೆ ಓಡೋನು."

ಆ ರಾತ್ರಿ ಅವನ ಸೋದರತ್ತೆ ನಮಗೆ ಮುದ್ದೆ ಉಣ್ಣಲು ಇಟ್ಟು, ಯಾಕೆ ಬಂದಿದ್ದೇವೆ ಎಂದು ಕೇಳಲೇ ಇಲ್ಲ. ಬೆಳಿಗ್ಗೆ ನಾವು ಹೊರಟಾಗ ಮಾತ್ರ ಹಟ್ಟಿ ಬಾಗಿಲಲ್ಲಿ ಸಗಣಿ ಕೈಯಲ್ಲೇ ನಿಂತು, "ಒಳೀಕೆ ಹೋಗ್ಬ್ಯಾಡಿ ಕಣ್ರಪ್ಪಾ, ನಿಮ್ ಕೈ ಮುಗೀತೀನಿ" ಎಂದಳು. ಅವನು "ನೀರಿಲ್ದ ಕಾಲ ಬುಡು ಅತ್ತೆ" ಅಂದು ನಡೆದ.

ಹಳ್ಳದ ಬಾಯಿ ಹೊರಗಿನಿಂದ ಏನೂ ಅನ್ನಿಸುವುದಿಲ್ಲ. ಲಂಟಾನ ಪೊದೆ, ಒಣ ಮರಳು. ಒಳಗೆ ಹೋದಂತೆ ಎರಡೂ ಕಡೆಯ ಬಂಡೆ ಎದ್ದು ನಿಂತು ಆಕಾಶ ಒಂದು ಪಟ್ಟಿಯಾಗುತ್ತದೆ. ಮರಳಿದ್ದ ಕಡೆ ಓಡಿದೆವು, ಗುಂಡುಕಲ್ಲುಗಳಿದ್ದ ಕಡೆ ಹಾರಿದೆವು, ಕೆಲವು ಕಡೆ ಕೈ ಊರಿ ಹತ್ತಿದೆವು. ಹೊರಗೆ ಬೆವರು ಕಿತ್ತು ಬರುವಷ್ಟು ಬಿಸಿಲು, ಒಳಗೆ ಬಾವಿಯ ತಂಪು. ನಮ್ಮ ಹೆಜ್ಜೆಯ ಸದ್ದು ಬಂಡೆಗೆ ಬಡಿದು ತಡವಾಗಿ ವಾಪಸ್ಸು ಬರುತ್ತಿತ್ತು. ನಾವು ನಿಂತ ಮೇಲೂ ಯಾರೋ ಇನ್ನೆರಡು ಹೆಜ್ಜೆ ಇಟ್ಟು ನಿಂತಂತಾಗುತ್ತಿತ್ತು. ನಾನು ತಿರುಗಿ ತಿರುಗಿ ನೋಡುತ್ತಿದ್ದೆ. ಅವನು ಒಮ್ಮೆಯೂ ತಿರುಗಲಿಲ್ಲ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ದೊಣೆ ಸಿಕ್ಕಿತು. ಬಂಡೆಯೊಳಗೆ ಕೊರೆದ ಬಾನಿಯಂಥ ಹೊಂಡ, ತಳದಲ್ಲಿ ಕಪ್ಪು ನೀರು. ಗೋಡೆಯಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು. ಪಕ್ಕದಲ್ಲೇ ಮೇಲೆ ಹತ್ತಲು ಮೆಟ್ಟಿಲಿನಂಥ ಸೀಳು. ಮಕ್ಕಳೂ ಹತ್ತಿಹೋಗಬಹುದಾಗಿದ್ದ ಸೀಳು ಅದು.

ಅವನೂ ನೋಡಿದ. "ನೀನು ಮೇಲೆ ಹೋಗು. ಕುರಿಯೋರು ನಿಂತಿದ್ದು ಅಲ್ಲೇ. ನಾನು ಇಲ್ ಕೂತ್ಕೊಂತೀನಿ. ನಿಂಗೆ ಯಾವಾಗ ಅನ್ನಿಸ್ತದೋ ಆವಾಗ ಕೂಗು, ನೀರು ಬಂತು ಅಂತ."

ನಾನು ಹತ್ತಿದೆ. ಮೇಲಿನ ಬಂಡೆಯಿಂದ ಬಗ್ಗಿ ನೋಡಿದರೆ ಅವನು ಒಂದು ತೆಂಗಿನಮರದಷ್ಟು ಕೆಳಗೆ ಎಡಗೈಯಲ್ಲಿ ಮೊಣಕಾಲು ತಬ್ಬಿ, ಬಲಗೈ ಮರಳಿನ ಮೇಲೂರಿ ಕೂತಿದ್ದ. ಗಾಳಿ ಇರಲಿಲ್ಲ. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಅವನ ದನಿ ಕೇಳಿಸಿತು. ಯಾರೊಂದಿಗೋ ಮೆಲ್ಲಗೆ ಮಾತಾಡುತ್ತಿದ್ದ. ಒಂದೊಂದು ಮಾತೂ ನನ್ನ ಕಿವಿಯ ಪಕ್ಕದಲ್ಲೇ ಆಡಿದ ಹಾಗಿತ್ತು.

"ಏಳಣ್ಣ. ಸಾಕು, ಏಳು. ಅವ್ವ ಕಾಯ್ತಾವ್ಳೆ."

ಅವನ ಮಾತು ನಿಲ್ಲುವವರೆಗೂ ತಡೆದೆ. ಆಮೇಲೆ ಕೂಗಿದೆ. "ನೀರು ಬಂತು, ಎದ್ದೇಳೋ." ನನ್ನ ಕೂಗು ಕಣಿವೆಯ ಉದ್ದಕ್ಕೂ ಉರುಳಿಹೋಯಿತು. ಅವನು ಏಳಲಿಲ್ಲ. ಮತ್ತೆ ಕೂಗಿದೆ, ಗಂಟಲು ಹರಿಯುವಂತೆ. ಮರಳಿನ ಮೇಲಿದ್ದ ಅವನ ಬಲಗೈ ಮುಷ್ಟಿ ಕಟ್ಟಿತು. ಅದನ್ನು ನಾನು ಕಣ್ಣಾರೆ ಕಂಡೆ. ಆದರೂ ಏಳಲಿಲ್ಲ. ಮೂರನೆಯ ಸಲ ಕೂಗಿ, ತಡೆಯಲಾರದೆ ಸೀಳಿನಲ್ಲಿ ಜಾರಿಕೊಂಡೇ ಕೆಳಗೆ ಬಂದು ಅವನ ಭುಜ ಹಿಡಿದೆ.

"ಕೂಗಿದ್ಯಾ?" ಅಂದ.

"ಕೂಗ್ದೆ. ಮೂರ್ ಸಲ."

"ಕೇಳಿಸ್ಲಿಲ್ಲ ಕಣೋ." ಅವನ ಮುಖ ಒದ್ದೆಯಾಗಿತ್ತು. "ಈ ತೊಟ್ಟಿಕ್ಕೋ ಸದ್ದು ಕಿವಿ ತುಂಬ್ಕೊಂಬುಡ್ತದೆ. ಅಣ್ಣಂಗೂ ಕೇಳಿಸ್ಲಿಲ್ಲ. ಅದಕ್ಕೇ ಅವನು ಎದ್ದೇಳ್ಲಿಲ್ಲ."

"ನಾನೂ ಒಂದ್ಸಲ ಕೂತ್ ನೋಡ್ತೀನಿ ತಡಿ," ಅಂದೆ.

"ಬ್ಯಾಡ. ನಡಿ."

ಹಾಗೆಂದವನು ಮೇಲಿನ ತುದಿಯವರೆಗೂ ನಿಲ್ಲದೆ ಓಡಿದ. ಅಷ್ಟು ವೇಗವಾಗಿ ಅವನು ಓಡಿದ್ದನ್ನು ಹಿಂದೆಯೂ ಮುಂದೆಯೂ ನಾನು ನೋಡಿಲ್ಲ. ನಾನು ಹಿಂದೆ ಬಿದ್ದೆ. ಒಂದು ತಿರುವಿನಲ್ಲಿ ಅವನು ಕಾಣಲಿಲ್ಲ, ಮುಂದಿನಿಂದಲೂ ಹಿಂದಿನಿಂದಲೂ ಬರಿಗಾಲಿನ ಸದ್ದು ಕೇಳಿಸುತ್ತಿತ್ತು. ಮಾರ್ದನಿ ಅಂತ ಗೊತ್ತಿದ್ದೂ ಹಿಂದೆ ತಿರುಗದೆ ಓಡಿದೆ. ಕೊರಕಲು ಮುಗಿದು ಬಯಲು ಸಿಕ್ಕಿದಾಗ ಅವನು ಹುಣಸೆಮರದ ಕೆಳಗೆ ಅಂಗಾತ ಮಲಗಿದ್ದ. ಅವತ್ತು ಮೊದಲ ಸಲ ಅವನಿಗೆ ಏದುಸಿರು ಬರುತ್ತಿತ್ತು.

ಅಲ್ಲಿಂದ ಸುತ್ತಿನ ದಾರಿಯಲ್ಲಿ ಬಸ್ಸು ಹಿಡಿದು, ಸಂಜೆಗೆ ಕೊತ್ತಗೆರೆ ಬಳಿಯ ಅವನ ಹಳ್ಳಿ ಸೇರಿದೆವು. ಅವನ ತಾಯಿ ಕಡಲೆಕಾಯಿ ಸುಲಿಯುತ್ತಿದ್ದರು. ಅವನು ನೀರೂ ಕುಡಿಯದೆ ಅವರೆದುರು ಕುಕ್ಕರಗಾಲಲ್ಲಿ ಕೂತ.

"ಅವ್ವಾ, ದೊಣೆ ತಾವ ಹೋಗಿದ್ದೆ. ಅಲ್ ಕೂತ್ರೆ ಮೇಲಿಂದ ಕೂಗಿದ್ದು ಏನೂ ಕೇಳ್ಸಲ್ಲ. ಇವನು ಕೂಗ್ದ, ನಂಗೇ ಕೇಳ್ಸ್ಲಿಲ್ಲ. ಬೇಕಾದ್ರೆ ಕೇಳು."

ಆ ತಾಯಿ ನನ್ನ ಕಡೆ ತಿರುಗಿದರು. ಅಂಥ ನೋಟವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

"ಹೌದೇನ್ ಮಗಾ?"

"ಹೌದವ್ವಾ. ಮೂರು ಸಲ ಕೂಗಿದೆ. ಇವನು ಎದ್ದೇಳಲಿಲ್ಲ."

ನಡೆದದ್ದನ್ನೇ ಹೇಳಿದ್ದೆ. ಅವರ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. ಸೆರಗು ಬಾಯಿಗೆ ಒತ್ತಿಕೊಂಡು, ಹಿರಿಮಗನ ಹೆಸರು ಹಿಡಿದು, ಅಕ್ಕಪಕ್ಕದ ಮನೆಯವರು ಬಂದು ನಿಲ್ಲುವಷ್ಟು ಅತ್ತರು. ಅತ್ತು ಮುಗಿದ ಮೇಲೆ ಎದ್ದು ಮುಖ ತೊಳೆದು ಒಲೆ ಹಚ್ಚಿದರು. ಎಸರು ಕಾಯುವಾಗ ಹಿರಿಮಗ ಚಿಕ್ಕಂದಿನಲ್ಲಿ ಮಾಡುತ್ತಿದ್ದ ಚೇಷ್ಟೆಯೊಂದನ್ನು ಹೇಳಿ ತಾವೇ ನಕ್ಕರು. ಗೆಳೆಯ ಅವರೊಂದಿಗೆ ನಗುತ್ತಿದ್ದ. ನಾನು ಮಾತ್ರ ಬಿದ್ದ ಕಾಯಿ ಆರಿಸಿ ಸುಲಿಯುತ್ತಾ ಕೂತಿದ್ದೆ. ಕೆಳಗಿನ ಪಿಸುಮಾತು ಮೇಲಕ್ಕೆ ಅಷ್ಟು ಸ್ಪಷ್ಟವಾಗಿ ಬರುವ ಜಾಗದಲ್ಲಿ, ಮೇಲಿನ ಕೂಗು ಕೆಳಗೆ ಕೇಳಿಸದೆ ಇದ್ದೀತೇ? ಆ ಮುಷ್ಟಿ ಯಾಕೆ ಕಟ್ಟಿತು? ಅವನನ್ನು ಕೇಳಬೇಕೆಂದು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿದೆ. ಕೇಳಿ ತಿಳಿಯುವುದಾದರೂ ಏನು ಎಂದು ನುಂಗಿಕೊಂಡಿದ್ದೇನೆ.

ಆಮೇಲೆ ಅವನಿಗೆ ಗುಬ್ಬಿಯಲ್ಲಿ ಪಿ.ಟಿ. ಮೇಷ್ಟ್ರ ಕೆಲಸವಾಯಿತು. ಮದುವೆಯಾದ, ತಾಯಿಯನ್ನು ಕರೆಸಿಕೊಂಡ, ಗಂಡು ಮಗು ಹುಟ್ಟಿದಾಗ ಅಣ್ಣನ ಹೆಸರನ್ನೇ ಇಟ್ಟ. ಎಂಬತ್ತರ ದಶಕದ ಕೊನೆಯಲ್ಲಿ ಒಂದು ಭಾನುವಾರ ನಾನು ಅವರ ಮನೆಗೆ ಹೋಗಿದ್ದೆ. ಕೆರೆ ಏರಿಯ ಮೇಲೆ ಓಡಿ ಬಂದು ನಾವಿಬ್ಬರೂ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆವು. ಅವನ ತಾಯಿ ಹೊಸಿಲಿಗೆ ಬಂದು, ಬೀದಿಯ ತುದಿಯಲ್ಲಿ ಗೋಲಿ ಆಡುತ್ತಿದ್ದ ಮೊಮ್ಮಗನನ್ನು ಹೆಸರು ಹಿಡಿದು ಕೂಗಿದರು. ಮಗು ಬರಲಿಲ್ಲ. ಇನ್ನೊಂದು ಸಲ ಕೂಗಿದರು. ನಾನು ಗೆಳೆಯನನ್ನು ನೋಡಲಿಲ್ಲ, ಅವನೂ ನನ್ನನ್ನು ನೋಡಲಿಲ್ಲ. ಅವನು ಲೋಟ ಕೆಳಗಿಟ್ಟು ಬೀದಿಯ ತುದಿಯನ್ನೇ ನೋಡುತ್ತಿದ್ದ. ಕೊನೆಗೆ ಮಗು ಧೂಳೆಬ್ಬಿಸಿಕೊಂಡು ಓಡಿ ಬಂದು ಅಜ್ಜಿಯ ಸೀರೆಯಲ್ಲಿ ಮುಖ ಹುದುಗಿಸಿತು.