ಸಮುದ್ರಕ್ಕೆ ಒಂದು ಚೀಲ ಪುರಿ

ನಮ್ಮತ್ತೆ, ಅಂದರೆ ಅಪ್ಪನ ಅಕ್ಕ ಮಾರಮ್ಮ, ಮೀನಿಗೆ ಮೀನು ಅನ್ನುವುದಿಲ್ಲ, ಗಿರಾಕಿ ಅನ್ನುತ್ತಾಳೆ. ರಾಮನಾಥಪುರದಲ್ಲಿ ಕಾವೇರಿಯ ಮೆಟ್ಟಿಲ ಮೇಲೆ ಕೂತು ಇಪ್ಪತ್ತೆರಡು ವರ್ಷದಿಂದ ಕಡ್ಲೆಪುರಿ ಮಾರುತ್ತಿರುವವಳು ಅವಳು. ದೇವಸ್ಥಾನಕ್ಕೆ ಬಂದವರು ಒಂದು ಪೊಟ್ಟಣ ಕೊಂಡು ನೀರಿಗೆ ಎರಚುತ್ತಾರೆ. ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಅವು ದೇವರ ಮೀನು, ಅಲ್ಲಿ ಯಾರೂ ಹಿಡಿಯುವ ಹಾಗಿಲ್ಲ. ಕೊಳ್ಳುವವರು ಮನುಷ್ಯರಾದರೂ ತಿನ್ನುವವರು ಅವರಲ್ಲವಲ್ಲ, ಹಾಗಾಗಿ ಅತ್ತೆಯ ಪಾಲಿಗೆ ಗಿರಾಕಿ ಅಂದರೆ ಮೀನೇ. "ಇವತ್ತು ಗಿರಾಕಿ ಯಾಕೋ ಸಪ್ಪಗವೆ" ಅಂದಳೆಂದರೆ ಹೊಳೆಯಲ್ಲಿ ಮೀನು ಮೇಲೆ ಬರುತ್ತಿಲ್ಲ ಎಂದು ನಾವು ತಿಳಿದುಕೊಳ್ಳಬೇಕು.

ಅವಳು ಮೀನು ಮುಟ್ಟುವುದಿಲ್ಲ. ಹಾಗಂತ ಸೊಪ್ಪುಸದೆ ತಿನ್ನುವ ಹೆಂಗಸು ಎಂದುಕೊಳ್ಳಬೇಡಿ. ಕೋಳಿಯ ಮೂಳೆಯನ್ನೂ ಅಗಿದು ಪುಡಿ ಮಾಡುತ್ತಾಳೆ, ತಲೆಕಾಲಿನ ಸಾರು ಮಾಡಿದ ದಿನ ಅವಳನ್ನು ಮಾತಾಡಿಸುವ ಹಾಗಿಲ್ಲ. ಮೀನು ಮಾತ್ರ ಆಗದು. "ಗಿರಾಕೀನ ಯಾರಾರ ತಿಂತಾರೇನಮ್ಮಿ?" ಎಂದು ಕೇಳುತ್ತಾಳೆ. ನಮ್ಮಪ್ಪ ಗುಂಡಯ್ಯ ಕೊಣನೂರು ಸಂತೆಯ ದಿನ ಹೋಟೆಲಿನಲ್ಲಿ ಮೀನು ತಿಂದು, ಎಲೆಯಡಿಕೆ ಹಾಕಿಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಗಾಳಿಗೆ ನಿಂತು ಮನೆಗೆ ಬರುತ್ತಾರೆ. ಅಕ್ಕನಿಗೆ ಗೊತ್ತಿಲ್ಲ ಎಂದು ಅವರ ನಂಬಿಕೆ. ಅವಳಿಗೆ ಎಂದೋ ಗೊತ್ತು.

ನನಗೆ ನಾಲ್ಕು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಗಂಡನನ್ನು ಕಳೆದುಕೊಂಡಿದ್ದ ಅತ್ತೆ ಆ ತಿಂಗಳೇ ಒಂದು ಟ್ರಂಕು ಹೊತ್ತು ತಮ್ಮನ ಮನೆಗೆ ಬಂದಳು. ಮತ್ತೆ ಹೋಗಲಿಲ್ಲ. ನಾನು ಬೆಳೆದದ್ದು ಆ ಮೆಟ್ಟಿಲ ಮೇಲೆ, ನರ್ಸಿಂಗ್ ಓದಿದ್ದು ಆ ಪುರಿಯಿಂದ. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಹುಟ್ಟಿದ್ದಕ್ಕೆ ನನ್ನ ಹೆಸರು ಸಂಘಮಿತ್ರಾ. ಅತ್ತೆಯ ನಾಲಿಗೆ ಅದಕ್ಕೆ ಹೊರಳಲೇ ಇಲ್ಲ, ಅವಳಿಗೆ ನಾನು ಸಂಗವ್ವ. ಕುಂದಾಪುರದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದ ದಿನ ಅವಳು ಮೀನುಗಳಿಗೆ ಎರಡು ಸೇರು ಪುರಿ ಬಿಟ್ಟಿಯಾಗಿ ಹಾಕಿದಳಂತೆ.

ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಉದಯ ಸಿಕ್ಕಿದ. ಮರವಂತೆಯವನು, ಕಡಲಿನವರ ಮಗ. ಅವನ ಅಮ್ಮ ಜಲಜಕ್ಕ ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಮೀನು ಮಾರುತ್ತಾರೆ. ಮದುವೆಯ ಮಾತು ಬಂದಾಗ ಎರಡೂ ಕಡೆ ಜಾತಿ ಎದ್ದು ನಿಂತಿತು. ನಾನು ಇಲ್ಲಿ, ಅವನು ಅಲ್ಲಿ, ಒಂದು ವರ್ಷ ಜಗಳವಾಡಿ ಅದನ್ನು ಕೂರಿಸಿದೆವು. ಅವನ ಜಾತಿಯ ಕಸುಬು ಏನೆಂದು ಮಾತ್ರ ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಜಗಳಕ್ಕೆ ಹೆದರುವವಳಲ್ಲ. ಆದರೆ ಮೀನಿನ ವಿಷಯ ಅತ್ತೆಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅಪ್ಪ ಬೇರೆ, "ನಿಮ್ಮತ್ತೆ ಊಂ ಅಂದ್ರೆ ನಂದೂ ಊಂ, ಅವಳು ಬ್ಯಾಡ ಅಂದ್ರೆ ನನ್ನ ಕೇಳ್ಬ್ಯಾಡ" ಎಂದು ಕೈ ತೊಳೆದುಕೊಂಡಿದ್ದರು.

"ಹುಡುಗನ ಅವ್ವ ಏನ್ ಮಾಡ್ತಾರೆ?" ಎಂದು ಅತ್ತೆ ಫೋನಿನಲ್ಲಿ ಕೇಳಿದಳು.

"ವ್ಯಾಪಾರ ಅತ್ತೆ."

"ಏನ್ ವ್ಯಾಪಾರ?"

"ಅದೇ, ಹಸಿ ಸಾಮಾನು."

"ತರಕಾರಿನಾ? ಒಳ್ಳೇದು ಬುಡು, ನಮ್ಮಂಗೇ ದುಡಿಯೋರು" ಎಂದಳು. ನಾನು ತಿದ್ದಲಿಲ್ಲ. ಅಷ್ಟೇ ಅಲ್ಲ. ಅಲ್ಲಿ ಜಲಜಕ್ಕ ನಮ್ಮ ಮನೆಯ ಬಗ್ಗೆ ವಿಚಾರಿಸಿದಾಗಲೂ, "ಅತ್ತೆಗೆ ದೇವಸ್ಥಾನದ ಹತ್ತಿರ ಅಂಗಡಿ ಇದೆ" ಎಂದುಬಿಟ್ಟಿದ್ದೆ. ಒಂದು ಗೋಣಿ ತಾಟು, ಪುರಿ ತುಂಬಲು ಒಂದು ಮಂಕರಿ, ಅಳೆಯಲು ಒಂದು ಪಾವು. ಅದೇ ಅಂಗಡಿ.

ಶಿವರಾತ್ರಿ ಕಳೆದ ವಾರ ಅತ್ತೆ, ಅಪ್ಪ ಇಬ್ಬರೂ ಹುಡುಗನ ಮನೆ ನೋಡಲು ಹೊರಟು ಬಂದರು. ಹಾಸನದಲ್ಲಿ ಬಸ್ಸು ಬದಲಿಸಿ, ಶಿರಾಡಿ ಘಾಟಿ ಇಳಿದು, ಮಂಗಳೂರಿನಲ್ಲಿ ಇನ್ನೊಂದು ಹತ್ತಿ, ಕುಂದಾಪುರ ಸೇರುವಾಗ ಅಪ್ಪ ಬಸವಳಿದಿದ್ದರು. ಅತ್ತೆ ಮಾತ್ರ ಗಟ್ಟಿಮುಟ್ಟಾಗಿ ಇಳಿದಳು. ತೋಳಿನಲ್ಲಿ ತನ್ನಷ್ಟೇ ದಪ್ಪದ ಪುರಿ ಚೀಲ.

"ಇದ್ಯಾಕತ್ತೆ?"

"ಸಮುದ್ರ ನೋಡಕ್ಕೆ ಬರೀ ಕೈಲಿ ಓಗಕ್ಕಾಯ್ತದಾ? ಅಲ್ಲಿ ಎಷ್ಟು ಗಿರಾಕಿ ಇರ್ಬೇಕು."

ಜಲಜಕ್ಕನ ಮನೆಗೆ ಸಂಜೆ ಹೋಗುವುದೆಂದು ನಾನೂ ಉದಯನೂ ಗೊತ್ತು ಮಾಡಿದ್ದೆವು. ಅಷ್ಟರಲ್ಲಿ ಮನೆ ತೊಳೆದು, ಬುಟ್ಟಿ ಹಿತ್ತಿಲಿಗೆ ಹಾಕಿ, ಹೆಸರುಬೇಳೆ ಪಾಯಸ ಮಾಡಿರುವುದು ಅವನ ಜವಾಬ್ದಾರಿ. ಅಲ್ಲಿಯವರೆಗೆ ಇವರಿಗೆ ಊರು ತೋರಿಸುವುದು ನನ್ನ ಪಾಲು. ಮಧ್ಯಾಹ್ನ ಊಟ ಮುಗಿಸಿ ಆಟೋ ಮಾಡಿಕೊಂಡು ಮರವಂತೆಗೆ ಹೋದೆವು. ಅಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಿಗೆ ಸಮುದ್ರ. ದೂರದೂರದಿಂದ ಜನ ಅದನ್ನು ನೋಡಲು ಬರುತ್ತಾರೆ, ರಸ್ತೆ ಬದಿಗೆ ಕಾರು ನಿಲ್ಲಿಸಿ ಫೋಟೋ ಹೊಡೆದುಕೊಳ್ಳುತ್ತಾರೆ. ಅತ್ತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, "ಎರಡು ಕಡೆ ಈಪಾಟಿ ನೀರು ಮಡಿಕ್ಕಂಡು ಈ ಜನಕ್ಕೆ ನಿದ್ದೆ ಎಂಗೆ ಬತ್ತದೆ?" ಎಂದಳು. ಆಟೋದವನು ನಕ್ಕ.

ಹೊಳೆಗಿಳಿದ ಕೂಡಲೇ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಳ್ಳುವುದು ಅವಳ ಅಭ್ಯಾಸ. ನಾನು ಬೇಡವೆನ್ನುವಷ್ಟರಲ್ಲಿ ಸಮುದ್ರದ ನೀರನ್ನೂ ಹಾಕಿಕೊಂಡಾಗಿತ್ತು. ಥೂ ಎಂದು ಉಗಿದು, ಮುಖ ಕಿವುಚಿ, ನನ್ನನ್ನೇ ಗದರಿದಳು: "ಮೊದ್ಲೇ ಏಳಕ್ಕೇನಾಗಿತ್ತು ನಿಂಗೆ?" ಅಪ್ಪ ಮರಳಿನ ಮೇಲೆ ಕೂತು ಚರುಮುರಿ ತಿನ್ನುತ್ತಿದ್ದರು. ಅವರಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಅತ್ತೆ ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಚೀಲ ಬಿಚ್ಚಿದಳು. ಒಂದು ಹಿಡಿ ಎರಚಿದಳು. ಅಲೆ ಅದನ್ನು ತಂದು ಅವಳ ಕಾಲಿಗೇ ಸುರಿಯಿತು. ಇನ್ನೊಂದು ಹಿಡಿ ದೂರಕ್ಕೆ ಬೀಸಿದಳು. ಕಾಗೆ ಬಂದವು, ಮೀನು ಬರಲಿಲ್ಲ. ಊರಿನಲ್ಲಿ ಕರೆಯುವ ಹಾಗೆ ಬಾ ಬಾ ಬಾ ಎಂದು ಕರೆದಳು. ಹತ್ತಿರ ಫೋಟೋ ಹಿಡಿಯುತ್ತಿದ್ದ ಇಬ್ಬರು ಮುಸಿಮುಸಿ ನಕ್ಕರು. ನಾನು ತಿರುಗಿ ಒಂದು ನೋಟ ನೋಡಿದ್ದಕ್ಕೆ ಅವರು ಕಾರಿನ ಕಡೆ ನಡೆದರು. ಆದರೆ ನಿಜ ಹೇಳಬೇಕು, ಒಂದು ಕ್ಷಣ ನನಗೂ ನಾಚಿಕೆಯಾಗಿತ್ತು.

"ಇಷ್ಟು ದೊಡ್ಡ ನೀರು, ಒಂದಾರಾ ಬರ್ಲಿಲ್ವಲ್ಲಮ್ಮಿ" ಎಂದಳು. ಅವಳ ಮುಖ ಸಣ್ಣದಾಗಿತ್ತು.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಬುಟ್ಟಿ ಹೊತ್ತ ಹೆಂಗಸೊಬ್ಬರು ಮರಳಿಗಿಳಿದು ಬಂದರು. ಜಲಜಕ್ಕ. ಅವತ್ತು ಬಂಗುಡೆ ಮೀನು ಬಲೆಗೆ ಚೆನ್ನಾಗಿ ಬಿದ್ದಿತ್ತಂತೆ, ಮಗ ಬೇಡ ಬೇಡ ಅಂದರೂ ಕೇಳದೆ ಹೊರಟಿದ್ದಾರೆ. ನನ್ನನ್ನು ಅವರು ಗಮನಿಸಲೇ ಇಲ್ಲ. ಮುದುಕಿಯೊಬ್ಬಳು ಕಡಲಿಗೆ ಪುರಿ ಹಾಕುತ್ತಿರುವುದನ್ನು ಕಂಡು ಅಲ್ಲೇ ನಿಂತರು. ಬುಟ್ಟಿ ಇಳಿಸಿ, ಚಪ್ಪಲಿ ಬಿಟ್ಟು, ಅತ್ತೆಯ ಪಕ್ಕಕ್ಕೆ ಬಂದು ಕಡಲಿಗೆ ಕೈ ಮುಗಿದರು.

"ಎಂತ ಪೂಜೆ ಅಕ್ಕ? ನಾವು ನೂಲ ಹುಣ್ಣಿಮೆಗೆ ಕಡಲಿಗೆ ಹಾಲು ಹಾಕುದು, ಮಂಡಕ್ಕಿ ಹಾಕುದು ಕಂಡಿರ್ಲಿಲ್ಲ" ಎಂದರು.

"ಪೂಜೆ ಅಲ್ಲ ಕಣವ್ವಾ, ಮೀನ್ಗೆ ತಿಂಡಿ. ನಮ್ಮೂರಲ್ಲಿ ನಂದು ಇದೇ ಕಸುಬು. ಇಲ್ಲಿ ಒಂದೂ ಬರ್ಲಿಲ್ಲ."

"ಇಲ್ಲಿ ಕರೆದ್ರೆ ಬರುದಿಲ್ಲ ಅಕ್ಕ, ನಾವೇ ಹುಡುಕಿ ಹೋಗ್ಬೇಕು" ಎಂದು ನಕ್ಕ ಜಲಜಕ್ಕ ಆಗ ನನ್ನನ್ನು ಕಂಡರು. ನನ್ನನ್ನು, ಅಪ್ಪನನ್ನು, ಮತ್ತೆ ಅತ್ತೆಯನ್ನು. "ಇವ್ರಾ ನಿನ್ನ ಅತ್ತೆ? ಅಂಗಡಿ ಅಂದಿದ್ದೆ ಅಲ್ದಾ?"

ಅತ್ತೆ ಬುಟ್ಟಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಅಸಿ ಸಾಮಾನು" ಎಂದಳು. ಅಷ್ಟೇ. ಅಪ್ಪನ ಕೈಯಲ್ಲಿ ಚರುಮುರಿ ಹಾಗೇ ಉಳಿಯಿತು.

ನನಗೆ ಎಲ್ಲ ಮುಗಿಯಿತು ಅನ್ನಿಸಿತು. ಏನೇನೋ ತೊದಲಿದೆ. ಅತ್ತೆ ಕೈ ಎತ್ತಿ ನಿಲ್ಲಿಸಿದಳು. ನೀರಿನಿಂದ ಮೇಲೆ ಬಂದು ಬುಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಒಳಗಿದ್ದ ಬಂಗುಡೆಗಳನ್ನು ಒಂದೊಂದಾಗಿ ನೋಡಿದಳು.

"ವರ್ಸೆಲ್ಲಾ ಇಡೀತೀರಾ?" ಎಂದು ಜಲಜಕ್ಕನನ್ನು ಕೇಳಿದಳು.

"ಇಲ್ಲ ಅಕ್ಕ. ಮಳೆಗಾಲದಲ್ಲಿ ಎರಡು ತಿಂಗಳು ಬೋಟು ಇಳಿಸುದಿಲ್ಲ. ಅದು ಮೊಟ್ಟೆ ಇಡುವ ಕಾಲ. ಆಗ ನಮ್ಗೂ ಹೊಟ್ಟೆಗೆ ಕಷ್ಟವೇ, ಒಣಮೀನೇ ಗತಿ. ಮಾಡುದೆಂತ, ಅವು ಬದುಕಿದ್ರೆ ಅಲ್ದಾ ನಾವು?"

ಅತ್ತೆ ಬುಟ್ಟಿಯ ಅಂಚಿಗೆ ಅಂಟಿದ್ದ ಮರಳನ್ನು ಒರೆಸಿದಳು. ಆಮೇಲೆ, "ನಾನೂ ಅಂಗೇ ಕಣವ್ವಾ. ಅವು ಬಂದ್ರೆ ನನ್ನೊಟ್ಟೆಗೆ ಇಟ್ಟು, ಇಲ್ದಿದ್ರೆ ಇಲ್ಲ" ಎಂದಳು. ಎದ್ದು ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಮೀನು ಮಾರೋದ್ಕೆ ನಂಗೇನೂ ಇಲ್ಲ ಕಣಮ್ಮಿ. ಇವು ನನ್ನ ಗಿರಾಕಿಯಲ್ಲ, ಇವ್ರ ಪಾಲಿನವು. ನೀನು ಇವ್ರ ಬುಟ್ಟೀನ ನನ್ನ ತಾವ ಮುಚ್ಚಿಟ್ಟೆ, ನನ್ನ ಮಂಕ್ರೀನ ಇವ್ರ ತಾವ ಮುಚ್ಚಿಟ್ಟೆ. ಆ ಎರಡ್ರಲ್ಲೂ ನಾಚ್ಕೋಳಾಂತದ್ದು ಏನಿತ್ತು?"

ನಾಚಿಕೆಯಾಗಿ ಅಲ್ಲ, ಹೆದರಿ ಮುಚ್ಚಿಟ್ಟೆ ಎಂದು ಹೇಳಿಕೊಳ್ಳಬಹುದಿತ್ತು; ಅದೂ ಪೂರ್ತಿ ನಿಜವಲ್ಲ. ಮಂಕರಿಯನ್ನು ಅಂಗಡಿ ಅಂದದ್ದು ನಾನೇ. ಆ ಮಂಕರಿಯೇ ನನಗೆ ಬಿಳಿ ಯೂನಿಫಾರ್ಮ್ ಹೊಲಿಸಿಕೊಟ್ಟಿತ್ತು. ಅತ್ತು ಬಿಟ್ಟೆ. ಜಲಜಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಬೆನ್ನು ಸವರಿದರು.

ಅತ್ತೆ ಉಳಿದ ಪುರಿಯನ್ನು ಎರಡು ಬೊಗಸೆ ತೆಗೆದು ಜಲಜಕ್ಕನ ಸೆರಗಿಗೆ ಸುರಿದಳು. "ತಗಳಿ, ನೀವೂ ಆಕಿ. ಇಬ್ರೂ ಆಕಿದ್ರಾದ್ರೂ ಬತ್ತವೇನೋ ನೋಡವ" ಎಂದಳು. ಇಬ್ಬರೂ ನೀರಿಗಿಳಿದರು. ಮೀನು ಆಗಲೂ ಬರಲಿಲ್ಲ. ಪುರಿ ಮುಗಿಯುವವರೆಗೆ ಇಬ್ಬರೂ ಎರಚುತ್ತಲೇ ಇದ್ದರು, ಏನೇನೋ ಮಾತಾಡಿಕೊಳ್ಳುತ್ತಿದ್ದರು. ಅವಳ ಮಾತು ಇವರಿಗೆ ಅರ್ಧ, ಇವರ ಮಾತು ಅವಳಿಗೆ ಅರ್ಧ. ಅಪ್ಪ ನನ್ನ ಕಿವಿಯಲ್ಲಿ, "ಇನ್ಮೇಲೆ ನಾನೂ ಮನೇಲೇ ತಿನ್ಬೋದಾ?" ಎಂದು ಕೇಳಿದರು. ಅತ್ತೆ ಅಲ್ಲಿಂದಲೇ, "ಕೊಣನೂರಲ್ಲೇ ತಿನ್ನು" ಎಂದಳು.

ಮದುವೆ ಮೇ ತಿಂಗಳಿಗೆ ನಿಶ್ಚಯವಾಯಿತು. ಲಗ್ನಪತ್ರಿಕೆಗೆ ಅತ್ತೆ ಒಂದೇ ಒಂದು ಷರತ್ತು ಹಾಕಿದಳು. ಅರಕಲಗೂಡಿನ ಪ್ರೆಸ್ಸಿನವರು ಕಾಗದ ಓದಿ, "ಮೇಡಂ, ಇದು ಬೇಕಾ?" ಎಂದು ಎರಡು ಸಲ ಫೋನು ಮಾಡಿದರು. ಬೇಕು, ಅಕ್ಷರ ಇನ್ನೂ ದಪ್ಪ ಮಾಡಿ ಎಂದೆ. ರಾಮನಾಥಪುರದ ಕಡ್ಲೆಪುರಿ ವ್ಯಾಪಾರಿ ಮಾರಮ್ಮನವರ ಸೋದರಸೊಸೆಗೆ, ಮರವಂತೆಯ ಮೀನು ವ್ಯಾಪಾರಿ ಜಲಜ ಅವರ ಮಗನೊಂದಿಗೆ, ಎಂದು ಅಚ್ಚಾಯಿತು.

ಪತ್ರಿಕೆ ತೆಗೆದುಕೊಂಡು ಮೆಟ್ಟಿಲಿಗೆ ಹೋದೆ. ಅತ್ತೆಗೆ ಓದಲು ಬರುವುದಿಲ್ಲ. ಕೈಗೆ ಅಂಟಿದ್ದ ಪುರಿಯ ಹೊಟ್ಟನ್ನು ಕೊಡವಿ ಪತ್ರಿಕೆಯನ್ನು ಮಡಿಲಿಗೆ ಇಟ್ಟುಕೊಂಡಳು.

"ಇದ್ರಲ್ಲಿ ನಾನೆಲ್ಲಿವ್ನಿ ತೋರ್ಸು" ಎಂದಳು.

ಅವಳ ಬೆರಳು ಹಿಡಿದು ಕಡ್ಲೆಪುರಿ ಎಂಬ ಪದದ ಮೇಲೆ ಇಟ್ಟೆ. ಮುಚ್ಚಿಡದೆ ನಾನು ಅವಳ ಕಸುಬನ್ನು ಹೇಳಿದ್ದು ಅದೇ ಮೊದಲು.